ಒಂದೇ ಕೈ ಬಿಡಿಸಿದ ಎರಡು ಕಾರುಗಳು

ಹಳೆಯ ಸ್ಪೋರ್ಟ್ಸ್ ಕೂಪೆಯೊಂದನ್ನೂ ಅದಕ್ಕಿಂತ ಈಚಿನ ಸಣ್ಣ ಹ್ಯಾಚ್‌ಬ್ಯಾಕ್ ಒಂದನ್ನೂ ಪಕ್ಕಪಕ್ಕ ನಿಲ್ಲಿಸಿದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಕೂಪೆ ಕಣ್ಣಿಗೆ, ಹ್ಯಾಚ್‌ಬ್ಯಾಕ್ ಕೆಲಸಕ್ಕೆ. ಮೊದಲನೆಯದು ಹರೆಯದ ಆಸೆ, ಎರಡನೆಯದು ಸಂಸಾರದ ಲೆಕ್ಕ. ಒಂದನ್ನು ಬಿಡಿಸಿದವನು ಕಲಾವಿದ, ಇನ್ನೊಂದನ್ನು ಬಿಡಿಸಿದವನು ಗುಮಾಸ್ತ. ಹೀಗೆಯೇ ನಾವು ಮಾತಾಡುತ್ತೇವೆ, ಕಾರಿನ ಪತ್ರಿಕೆಗಳೂ ಹೆಚ್ಚಾಗಿ ಹೀಗೆಯೇ ಬರೆಯುತ್ತವೆ.

ಆದರೆ ಇತಿಹಾಸದಲ್ಲಿ ಈ ಲೆಕ್ಕಕ್ಕೆ ಒಗ್ಗದ ಒಂದು ಜೋಡಿ ಇದೆ. ಒಂದು, 1963ರಲ್ಲಿ ಬಂದ ಆಲ್ಫಾ ರೋಮಿಯೋ ಕಂಪನಿಯ ಜೂಲಿಯಾ ಸ್ಪ್ರಿಂಟ್ ಜಿಟಿ. ಇಂದಿಗೂ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಜನ ನಿಂತು ನೋಡುವ ಕೂಪೆ. ಇನ್ನೊಂದು, 1974ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್. ಹ್ಯಾಚ್‌ಬ್ಯಾಕ್ ಎಂದರೆ ಹೀಗಿರಬೇಕು ಎಂದು ಜಗತ್ತು ಒಪ್ಪಿಕೊಂಡ ಕಾರು. ಇವೆರಡನ್ನೂ ಬಿಡಿಸಿದವರು ಒಬ್ಬರೇ, ಇಟಲಿಯ ಜಾರ್ಜೆಟ್ಟೊ ಜೂಜಾರೊ. ನಡುವಿನ ಅಂತರ ಹನ್ನೊಂದು ವರ್ಷ. ಕೈ ಬದಲಾಗಲಿಲ್ಲ, ಆ ಕೈಗೆ ಕೊಟ್ಟ ಪ್ರಶ್ನೆ ಬದಲಾಯಿತು. ಆ ಬದಲಾವಣೆಯ ಕಥೆಯೇ ಈ ಲೇಖನ.

ಕತ್ತರಿಸಿದ ಗಾಡಿ

ಕೂಪೆ ಎನ್ನುವುದು ಫ್ರೆಂಚ್ ಮಾತು, ಅರ್ಥ 'ಕತ್ತರಿಸಿದ್ದು'. ಕುದುರೆ ಗಾಡಿಗಳ ಕಾಲದಲ್ಲಿ ಎದುರುಬದುರು ಸೀಟುಗಳಿದ್ದ ದೊಡ್ಡ ಸಾರೋಟಿನ ಮುಂದಿನ ಅರ್ಧವನ್ನು ಕತ್ತರಿಸಿ ಹಾಕಿ, ಇಬ್ಬರಷ್ಟೇ ಕೂರುವಂತೆ ಮಾಡಿದ ಗಾಡಿಗೆ ಆ ಹೆಸರು ಬಂತು. ಹೆಸರಿನಲ್ಲೇ ವಿಷಯವಿದೆ. ಯಾರನ್ನೋ ಹೊರಗಿಟ್ಟ ಮೇಲೆ ಉಳಿಯುವ ಗಾಡಿಯೇ ಕೂಪೆ. ಮೋಟಾರು ಕಾಲಕ್ಕೂ ಇದು ಮುಂದುವರಿಯಿತು. ಎರಡೇ ಬಾಗಿಲು, ಹಿಂದಕ್ಕೆ ಇಳಿಯುವ ಛಾವಣಿ, ಹಿಂದಿನ ಸೀಟು ಇದ್ದರೂ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರಬೇಕಾದ ಸೀಟು.

ಜೂಜಾರೊ ಹುಟ್ಟಿದ್ದು 1938ರಲ್ಲಿ, ವಾಯವ್ಯ ಇಟಲಿಯ ಪಿಯೆಮೊಂತೆ ಸೀಮೆಯ ಗರೆಸ್ಸಿಯೊ ಎಂಬ ಊರಿನಲ್ಲಿ. ತಾತ ಚರ್ಚುಗಳ ಗೋಡೆಗಳಿಗೆ ಚಿತ್ರ ಬರೆಯುತ್ತಿದ್ದವರು, ತಂದೆಯೂ ಚಿತ್ರಕಾರರು. ಹುಡುಗ ಚಿತ್ರ ಕಲಿಯಲೆಂದು ಟುರಿನ್ ನಗರಕ್ಕೆ ಬಂದ. 1955ರಲ್ಲಿ, ಹದಿನೇಳರ ವಯಸ್ಸಿಗೆ, ಫಿಯಾಟ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಎಂಜಿನಿಯರುಗಳ ಮುಖ್ಯಸ್ಥರಾಗಿದ್ದವರು ದಾಂತೆ ಜಾಕೋಸಾ, ಪುಟ್ಟ ಫಿಯಾಟ್ 500 ಮಾಡಿದವರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ನಾಲ್ಕು ವರ್ಷಗಳ ಬಳಿಕ ಜೂಜಾರೊ ಫಿಯಾಟ್ ಬಿಟ್ಟು ಬೆರ್ಟೋನೆ ಎಂಬ ಕಾರು ವಿನ್ಯಾಸದ ಮನೆಗೆ ಸೇರಿದರು. ಆಗ ಅವರಿಗೆ ಇಪ್ಪತ್ತೊಂದು.

ಇಟಲಿಗೆ ಅದು ಏರುಗಾಲ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದಲ್ಲಿ ಕಾರ್ಖಾನೆಗಳು ಎದ್ದಿದ್ದವು, ಸಂಬಳ ಏರುತ್ತಿತ್ತು. ಮಿಲಾನಿನಿಂದ ನೇಪಲ್ಸ್‌ವರೆಗೆ 'ಸೂರ್ಯನ ಹೆದ್ದಾರಿ' ಎಂಬ ಹೆಸರಿನ ಮೋಟಾರು ದಾರಿ ತುಂಡು ತುಂಡಾಗಿ ತೆರೆಯುತ್ತಾ 1964ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ದಾರಿ ಇದೆ, ಪೆಟ್ರೋಲು ಅಗ್ಗ, ಕೈಯಲ್ಲಿ ಸ್ವಲ್ಪ ದುಡ್ಡಿದೆ. ಇಂಥ ಹೊತ್ತಿನಲ್ಲಿ ಮಿಲಾನಿನ ಆಲ್ಫಾ ರೋಮಿಯೋ, ನಗರದ ಹೊರಗೆ ಆರೆಸೆ ಎಂಬಲ್ಲಿ ಹೊಸ ಕಾರ್ಖಾನೆ ಕಟ್ಟಿಸಿ, ಅಲ್ಲಿಂದ ಹೊರಡುವ ಮೊದಲ ಕಾರಾಗಿ ಜೂಲಿಯಾ ಸ್ಪ್ರಿಂಟ್ ಜಿಟಿಯನ್ನು 1963ರಲ್ಲಿ ತೋರಿಸಿತು. ಆಲ್ಫಾ ಆಗ ಸರ್ಕಾರಿ ಒಡೆತನದ ಕಂಪನಿ. ಹಾಗಾಗಿ ನಾವು ಶ್ರೀಮಂತರ ಖಯಾಲಿ ಎಂದುಕೊಳ್ಳುವ ಈ ಕೂಪೆ ಒಂದರ್ಥದಲ್ಲಿ ಸರ್ಕಾರಿ ಕಾರ್ಖಾನೆಯ ಮಾಲು.

ಕಾರಿನಲ್ಲಿ ಏನಿತ್ತು ಎಂದು ನೋಡಿದರೆ ಬೆರಗಾಗುತ್ತದೆ. 1,570 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಅಲ್ಯೂಮಿನಿಯಮ್ಮಿನದು, ಮೇಲೆ ಎರಡು ಕ್ಯಾಮ್‌ಶಾಫ್ಟ್, ಪಕ್ಕದಲ್ಲಿ ಎರಡು ವೆಬರ್ ಕಾರ್ಬ್ಯುರೇಟರ್. 106 ಅಶ್ವಶಕ್ತಿ. ಐದು ಗೇರು, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು. ಗಂಟೆಗೆ 180 ಕಿ.ಮೀ. ದಾಟುವ ವೇಗ. ಆ ಕಾಲದ ಸಾಮಾನ್ಯ ಕಾರುಗಳಲ್ಲಿ ಇವುಗಳಲ್ಲಿ ಒಂದು ಎರಡು ಇದ್ದರೆ ಹೆಚ್ಚು. ಎಂಜಿನ್ ಮುಂದೆ ಉದ್ದುದ್ದಕ್ಕೆ ಕೂರುತ್ತದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಒಂದು ಉದ್ದ ಶಾಫ್ಟ್ ಹಾದು ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ.

ಇದರ ಮೇಲೆ ಇಪ್ಪತ್ತರ ಹರೆಯದ ಜೂಜಾರೊ ಬಿಡಿಸಿದ ಮೈಯಲ್ಲಿ ಅಲಂಕಾರ ಬಲು ಕಡಿಮೆ. ಎದುರಿನಿಂದ ನೋಡಿದರೆ ಬಾನೆಟ್ಟಿನ ಅಂಚು ಮೂತಿಗಿಂತ ಒಂದಿಷ್ಟು ಮೇಲೆ ನಿಂತು ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ. ಛಾವಣಿಯ ಕಂಬಗಳು ತೆಳು, ಗಾಜು ಧಾರಾಳ, ಒಳಗೆ ಬೆಳಕು. ಉದ್ದ ಬಾನೆಟ್ಟು, ಹಿಂದಕ್ಕೆ ಸರಿದ ಛಾವಣಿ, ಮೊಟಕು ಬಾಲ. ಇವು ಮೂರರ ನಡುವಿನ ಪ್ರಮಾಣವೇ ಆ ಕಾರಿನ ಚೆಲುವು. 1965ರಲ್ಲಿ ಅಲ್ಯೂಮಿನಿಯಮ್ ತಗಡಿನ ಹಗುರ ಮೈಯ ಜಿಟಿಎ ಬಂದು ಯುರೋಪಿನ ಟೂರಿಂಗ್ ಕಾರ್ ರೇಸುಗಳಲ್ಲಿ ಗೆಲುವಿನ ಸಾಲು ಹಿಡಿಯಿತು. ಇತ್ತ ಕಡಿಮೆ ತೆರಿಗೆಗೆಂದು 1,300 ಸಿ.ಸಿ.ಯ ಜೂನಿಯರ್ ಬಂತು. ಬೇರೆ ಬೇರೆ ಎಂಜಿನ್ ಹೊತ್ತು ಈ ಮೈಕಟ್ಟು 1970ರ ದಶಕದ ನಡುವಿನವರೆಗೂ ನಡೆಯಿತು, ಎರಡು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಸ್ಪೋರ್ಟ್ಸ್ ಕೂಪೆಯ ಮಟ್ಟಿಗೆ ಇದು ದೊಡ್ಡ ಸಂಖ್ಯೆ.

ವೋಲ್ಫ್ಸ್‌ಬರ್ಗಿನ ಕಷ್ಟ

ಈಗ ಜರ್ಮನಿಗೆ ಹೋಗೋಣ. ವೋಲ್ಫ್ಸ್‌ಬರ್ಗ್ ಎಂಬ ಊರು ಹುಟ್ಟಿದ್ದೇ ಒಂದು ಕಾರಿಗಾಗಿ. 1938ರಲ್ಲಿ ಕಾರ್ಖಾನೆಯ ಜತೆಗೇ ಕಟ್ಟಿದ ಊರು ಅದು. ಆ ಕಾರು ಬೀಟಲ್. ಹಿಂದೆ ಎಂಜಿನ್, ಗಾಳಿಯಿಂದಲೇ ತಂಪಾಗುವ ವ್ಯವಸ್ಥೆ, ಆಮೆಯಂಥ ಬೆನ್ನು. 1972ರ ಫೆಬ್ರವರಿಯಲ್ಲಿ ಬೀಟಲ್ ಒಟ್ಟು ಸಂಖ್ಯೆಯಲ್ಲಿ ಫೋರ್ಡ್ ಮಾಡೆಲ್ ಟಿ ಕಾರನ್ನು ಹಿಂದೆ ಹಾಕಿ ದಾಖಲೆ ಬರೆಯಿತು. ಊರಿಗೆ ಹಬ್ಬ. ಆದರೆ ಒಳಗೆ ಗೊತ್ತಿದ್ದವರಿಗೆ ನಿದ್ದೆ ಇರಲಿಲ್ಲ. ಒಂದೇ ಕಾರನ್ನು ನಂಬಿ ಮೂವತ್ತು ವರ್ಷ ಬದುಕಿದ ಕಂಪನಿಗೆ ಮುಂದೇನು ಎಂಬುದಕ್ಕೆ ಉತ್ತರವಿರಲಿಲ್ಲ.

ಉತ್ತರಕ್ಕಾಗಿ ಹಲವು ಪ್ರಯತ್ನ ನಡೆದಿತ್ತು. ಪೋರ್ಶೆ ಕಂಪನಿಗೆ ವಹಿಸಿದ್ದ ಒಂದು ಯೋಜನೆಯಲ್ಲಿ ಎಂಜಿನ್ನನ್ನು ಹಿಂದಿನ ಸೀಟಿನ ಕೆಳಗೇ ಮಲಗಿಸಿದ್ದರು. ಅದಕ್ಕೆ ದುಡ್ಡು ಸುರಿದು, 1971ರಲ್ಲಿ ಹೊಸ ಮುಖ್ಯಸ್ಥ ರುಡಾಲ್ಫ್ ಲೈಡಿಂಗ್ ಬಂದ ಮೇಲೆ ಕೈಬಿಟ್ಟರು. ಲೈಡಿಂಗ್‌ಗಿಂತ ಮೊದಲಿದ್ದ ಕುರ್ಟ್ ಲೋಟ್ಸ್ ಮಾತ್ರ ಒಂದು ಒಳ್ಳೆಯ ಕೆಲಸ ಮಾಡಿ ಹೋಗಿದ್ದರು. ಟುರಿನ್ ಕಾರು ಮೇಳಕ್ಕೆ ಹೋಗಿ ತಮಗೆ ಹಿಡಿಸಿದ ಕಾರುಗಳ ಪಟ್ಟಿ ಮಾಡಿದಾಗ ಅದರಲ್ಲಿ ಹೆಚ್ಚಿನವು ಒಬ್ಬನೇ ವಿನ್ಯಾಸಕಾರನವು ಎಂದು ತಿಳಿಯಿತಂತೆ. ಆ ಹೊತ್ತಿಗೆ ಜೂಜಾರೊ ಬೆರ್ಟೋನೆ ಬಿಟ್ಟು, ಗಿಯಾ ಎಂಬ ಇನ್ನೊಂದು ಮನೆಯಲ್ಲಿ ಮಾಸೆರಾಟಿ ಗಿಬ್ಲಿಯಂಥ ಕೂಪೆ ಬಿಡಿಸಿ, 1968ರಲ್ಲಿ ಆಲ್ಡೊ ಮಂತೋವಾನಿ ಅವರ ಜತೆ ಇಟಾಲ್‌ಡಿಸೈನ್ ಎಂಬ ಸ್ವಂತ ಕಚೇರಿ ತೆರೆದಿದ್ದರು. ಬೀಟಲ್ಲಿನ ಉತ್ತರಾಧಿಕಾರಿಯ ಕೆಲಸ ಅಲ್ಲಿಗೆ ಬಂತು.

ಈ ಬಾರಿಯ ಪ್ರಶ್ನೆ ಬೇರೆ. ಆಲ್ಫಾ ಕೇಳಿದ್ದು, ಈ ಎಂಜಿನ್ನಿಗೆ ತಕ್ಕ ಚೆಲುವಾದ ಮೈ ಯಾವುದು ಎಂದು. ಫೋಕ್ಸ್‌ವ್ಯಾಗನ್ ಕೇಳಿದ್ದು, ನಾಲ್ಕು ಜನ, ಅವರ ಸಾಮಾನು, ಕಡಿಮೆ ಉದ್ದ, ಕಡಿಮೆ ಖರ್ಚು, ಲಕ್ಷಗಟ್ಟಲೆ ಸಂಖ್ಯೆ, ಇಷ್ಟನ್ನೂ ಒಟ್ಟಿಗೆ ಹೇಗೆ ಹಿಡಿಸುವುದು ಎಂದು. ತೆಳು ಕಂಬ, ಉದ್ದ ಬಾನೆಟ್ಟು ಇಲ್ಲಿ ನಡೆಯುವುದಿಲ್ಲ. ಚೌಕಾಸಿ ಇದ್ದದ್ದು ಮಿಲಿಮೀಟರಿನಲ್ಲಿ, ಮಾರ್ಕಿನಲ್ಲಿ. ಜೂಜಾರೊ ಆಯತಾಕಾರದ ಹೆಡ್‌ಲೈಟು ಬಿಡಿಸಿದ್ದರು. ಖರ್ಚು ಉಳಿಸಲು ಕಂಪನಿ ದುಂಡನೆಯದನ್ನು ಹಾಕಿತು. ಇಂದು ಮೊದಲ ಗಾಲ್ಫಿನ ಗುರುತೇ ಆ ದುಂಡು ದೀಪಗಳು.

ಹ್ಯಾಚ್‌ಬ್ಯಾಕ್ ಗಾಲ್ಫಿನಿಂದ ಶುರುವಾಯಿತು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಹಿಂದೆ ಮೇಲಕ್ಕೆತ್ತುವ ಬಾಗಿಲು ಫ್ರಾನ್ಸಿನ ರೆನೋ 4 ಕಾರಿನಲ್ಲಿ 1961ರಲ್ಲೇ ಇತ್ತು, 1965ರ ರೆನೋ 16ರಲ್ಲಿ ಇನ್ನಷ್ಟು ಬೆಳೆದಿತ್ತು. ಎಂಜಿನ್ನನ್ನು ಅಡ್ಡಡ್ಡ ಕೂರಿಸಿ ಮುಂದಿನ ಗಾಲಿಗಳನ್ನೇ ತಿರುಗಿಸುವ ಉಪಾಯವನ್ನು ಬ್ರಿಟನ್ನಿನ ಮಿನಿ 1959ರಲ್ಲಿ ಜನಪ್ರಿಯಗೊಳಿಸಿತ್ತು. ಆದರೆ ಮಿನಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಕೆಳಗೆ ಇತ್ತು, ಎರಡಕ್ಕೂ ಒಂದೇ ಎಣ್ಣೆ. ಎಂಜಿನ್ ಅಡ್ಡಲಾಗಿ, ಅದರ ತುದಿಗೆ ಅದೇ ಸಾಲಿನಲ್ಲಿ ಗೇರ್‌ಬಾಕ್ಸ್ ಎಂಬ ಇಂದಿನ ಜೋಡಣೆಯನ್ನು 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ, ಆಮೇಲೆ 1969ರ ಫಿಯಾಟ್ 128ರಲ್ಲಿ ನೆಲೆಗೊಳಿಸಿದವರು ದಾಂತೆ ಜಾಕೋಸಾ. ಹದಿನೇಳರ ಹುಡುಗನಿಗೆ ಮೊದಲ ಕೆಲಸ ಸಿಕ್ಕ ಕಚೇರಿಯ ಅದೇ ಜಾಕೋಸಾ. ಗಾಲ್ಫಿನ ಚರ್ಮ ಶಿಷ್ಯನದಾದರೆ ಒಳಗಿನ ಮೂಳೆಗಳ ಜೋಡಣೆ ಗುರುವಿನ ದಾರಿಯದು. ಇಂದು ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಸಣ್ಣ ಕಾರುಗಳ ಬಾನೆಟ್ ಎತ್ತಿದರೂ ಕಾಣುವುದು ಅದೇ ಜೋಡಣೆ.

ಟೇಪು ಹಿಡಿದು ಅಳೆದರೆ

ಎರಡೂ ಕಾರುಗಳ ಅಳತೆಯನ್ನು ಒಟ್ಟಿಗೆ ಇಟ್ಟಾಗ ಒಂದು ಸ್ವಾರಸ್ಯ ಹೊರಬರುತ್ತದೆ. ಜೂಲಿಯಾ ಕೂಪೆಯ ಒಟ್ಟು ಉದ್ದ 4,080 ಮಿ.ಮೀ. ಗಾಲ್ಫ್ 3,705 ಮಿ.ಮೀ. ಅಂದರೆ ಗಾಲ್ಫ್ ಸುಮಾರು ಒಂದೂಕಾಲು ಅಡಿ ಗಿಡ್ಡ. ಆದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ? ಕೂಪೆಯಲ್ಲಿ 2,350 ಮಿ.ಮೀ., ಗಾಲ್ಫಿನಲ್ಲಿ 2,400. ಗಿಡ್ಡ ಕಾರಿನ ಒಳಗಿನ ಅಂಗಳವೇ ಐದು ಸೆಂಟಿಮೀಟರ್ ಉದ್ದ.

ಉಳಿದ ಜಾಗ ಎಲ್ಲಿ ಹೋಯಿತು? ಕೂಪೆಯಲ್ಲಿ ಉದ್ದುದ್ದ ಕೂತ ಎಂಜಿನ್, ಅದರ ಹಿಂದಿನ ಗೇರ್‌ಬಾಕ್ಸ್ ಎರಡೂ ಸೇರಿ ಮುಂಭಾಗವನ್ನು ತಿನ್ನುತ್ತವೆ. ಹಿಂದಕ್ಕೆ ಹೋಗುವ ಶಾಫ್ಟಿಗೆ ಜಾಗ ಬಿಡಲು ನೆಲದ ನಡುವೆ ಒಂದು ದಿಣ್ಣೆ ಬರುತ್ತದೆ. ಹಿಂದೆ ಡಿಕ್ಕಿ ಬೇರೆಯೇ ಒಂದು ಕೋಣೆ. ಗಾಲ್ಫಿನಲ್ಲಿ ಎಂಜಿನ್ ಅಡ್ಡ ಮಲಗಿತು, ಶಾಫ್ಟ್ ಮಾಯವಾಯಿತು, ಹಿಂದಿನ ಗೋಡೆಯೇ ಬಾಗಿಲಾಯಿತು. ಹಿಂದಿನ ಸೀಟು ಮಡಚಿದರೆ ಕೂರುವ ಕೋಣೆಯೂ ಸಾಮಾನಿನ ಕೋಣೆಯೂ ಒಂದಾಗುತ್ತವೆ. ಹಳೆಯ ಮನೆಗಳಲ್ಲಿ ಹಗಲು ಪಡಸಾಲೆ, ರಾತ್ರಿ ಮಲಗುವ ಕೋಣೆ ಇದ್ದಂತೆ. ಕೂಪೆ ಕತ್ತರಿಸಿ ತೆಗೆದದ್ದನ್ನು ಹ್ಯಾಚ್‌ಬ್ಯಾಕ್ ಮಡಚಿ ಉಳಿಸಿಕೊಂಡಿತು.

ಈಗ ಗಾಲ್ಫಿನ ಮೈ ನೋಡಿ. ಹಿಂದಿನ ಕಿಟಕಿಗೂ ಹಿಂಬಾಗಿಲಿಗೂ ನಡುವಿನ ಕಂಬ ದಪ್ಪ, ಬಿಲ್ಲಿನಂತೆ ಓರೆಯಾಗಿ ಇಳಿಯುತ್ತದೆ. ಇದು ಕೂಪೆಯ ತೆಳು ಕಂಬಕ್ಕೆ ಪೂರಾ ವಿರುದ್ಧ. ಆದರೆ ಪ್ರಮಾಣದ ಬಗ್ಗೆ ಇರುವ ಹಟ ಅದೇ. ಗೆರೆ ಕಡಿಮೆ, ಅಲಂಕಾರವಿಲ್ಲ, ಒಂದು ರೇಖೆ ಶುರುವಾದಲ್ಲಿಂದ ಮುಗಿಯುವವರೆಗೂ ತಡವರಿಸುವುದಿಲ್ಲ. ಐವತ್ತು ವರ್ಷಗಳಲ್ಲಿ ಎಂಟು ತಲೆಮಾರಿನ ಗಾಲ್ಫುಗಳು ಬಂದವು. ಆ ದಪ್ಪ ಕಂಬವನ್ನು ಯಾರೂ ಬಿಡಲಿಲ್ಲ.

ಕೂಪೆಯ ಪರವಾಗಿ ಹೇಳಬೇಕಾದ್ದೂ ಇದೆ. ಹಿಂದಿನ ಗಾಲಿಗಳು ತಳ್ಳುವ ಕಾರಿನಲ್ಲಿ ಮುಂದಿನ ಗಾಲಿಗಳಿಗೆ ತಿರುಗುವುದೊಂದೇ ಕೆಲಸ, ಹಾಗಾಗಿ ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ಮಾತು ನೇರವಾಗಿ ಮುಟ್ಟುತ್ತದೆ. ಗಾಲ್ಫಿನಲ್ಲಿ ಎಳೆಯುವುದೂ ತಿರುಗುವುದೂ ಅವೇ ಎರಡು ಗಾಲಿಗಳ ಪಾಲು. ಎರಡು ಕ್ಯಾಮಿನ ಆಲ್ಫಾ ಎಂಜಿನ್ನಿನ ಸದ್ದಿಗೆ ಮನಸೋತವರು ಮೊದಲ ಗಾಲ್ಫಿನ 50, 70 ಅಶ್ವಶಕ್ತಿಯ ಎಂಜಿನ್ನುಗಳಲ್ಲಿ ಸಂಗೀತ ಹುಡುಕುವುದು ವ್ಯರ್ಥ. 1974ರಲ್ಲಿ ಸೌಕರ್ಯ ಗಾಲ್ಫಿನ ಕಡೆ, ಸುಖ ಆಲ್ಫಾದ ಕಡೆ ಎಂಬ ಹಳೆಯ ತೀರ್ಪು ಇನ್ನೂ ನಿಲ್ಲುತ್ತಿತ್ತು. ಎರಡೇ ವರ್ಷಗಳಲ್ಲಿ ಅದೂ ಅಲುಗಾಡಿತು.

ಕಟ್ಟಿದ ಕೈಗಳು

ಅದಕ್ಕೆ ಮೊದಲು, ಪರವೂರಿನಲ್ಲಿ ದುಡಿಯುವ ನಮ್ಮಂಥವರ ಕಣ್ಣಿಗೆ ಬೇಗ ಬೀಳುವ ಒಂದು ಸಂಗತಿ. ಕಾರಿನ ಇತಿಹಾಸ ಬರೆಯುವಾಗ ಬಿಡಿಸಿದವರ ಹೆಸರು ಬರುತ್ತದೆ, ಕಂಪನಿಯ ಮುಖ್ಯಸ್ಥರ ಹೆಸರು ಬರುತ್ತದೆ. ಕಟ್ಟಿದವರು ಎಲ್ಲಿಂದ ಬಂದರು ಎಂಬುದು ಅಡಿಟಿಪ್ಪಣಿಗೂ ಬರುವುದಿಲ್ಲ.

ಇಟಲಿಯ ಏರುಗಾಲ ಎಂದೆನಲ್ಲ, ಅದು ಉತ್ತರ ಇಟಲಿಯ ಏರುಗಾಲ. ಮಿಲಾನ್, ಟುರಿನ್ ಕಾರ್ಖಾನೆಗಳಿಗೆ ಜನ ಬಂದದ್ದು ದಕ್ಷಿಣದಿಂದ, ಕಲಾಬ್ರಿಯಾ, ಸಿಸಿಲಿ, ಪುಲಿಯಾ ಸೀಮೆಗಳಿಂದ. ರಾತ್ರಿ ರೈಲಿನಲ್ಲಿ ಪೆಟ್ಟಿಗೆ ಹೊತ್ತು ಬಂದವರು. ಅವರ ಆಡುಮಾತು ಉತ್ತರದವರಿಗೆ ಅರ್ಥವಾಗುತ್ತಿರಲಿಲ್ಲ, ಬಾಡಿಗೆ ಮನೆ ಕೊಡಲು ಹಿಂಜರಿಯುವವರಿದ್ದರು. ಇದೇ ದಕ್ಷಿಣದವರು 1962ರಿಂದ ಆಲ್ಪ್ಸ್ ದಾಟಿ ವೋಲ್ಫ್ಸ್‌ಬರ್ಗಿಗೂ ಸಾವಿರಗಟ್ಟಲೆ ಬಂದರು. ಫೋಕ್ಸ್‌ವ್ಯಾಗನ್ ಕರಾರಿನ ಮೇಲೆ ಅವರನ್ನು ಕರೆಸಿಕೊಂಡು ಕಾರ್ಖಾನೆಯ ಹತ್ತಿರ ಮರದ ವಸತಿ ಸಾಲುಗಳಲ್ಲಿ ಇರಿಸಿತು. ಸಂಸಾರ ಊರಿನಲ್ಲಿ, ಗಂಡಸು ಇಲ್ಲಿ. ಜರ್ಮನ್ನರು ಇಂಥವರನ್ನು 'ಅತಿಥಿ ಕಾರ್ಮಿಕರು' ಎಂದು ಕರೆದರು. ಅತಿಥಿ ಎಂದರೆ ಒಂದು ದಿನ ಹೊರಡಬೇಕಾದವನು ಎಂಬ ಅರ್ಥವೂ ಆ ಮಾತಿನೊಳಗೇ ಇತ್ತು.

ಹಾಗಾಗಿ ಬೀಟಲ್ ಆಗಲಿ ಗಾಲ್ಫ್ ಆಗಲಿ, ಜರ್ಮನ್ ಶಿಸ್ತಿನ ಫಲ ಎಂದಷ್ಟೇ ಹೇಳಿ ಮುಗಿಸಲಾಗದು. ಗಾಲ್ಫಿನ ರೇಖೆ ಬಂದದ್ದು ಟುರಿನ್ನಿನಿಂದ, ಅದನ್ನು ಜೋಡಿಸಿದ ಕೈಗಳಲ್ಲಿ ಕೆಲವು ಇಟಲಿಯ ತೆಂಕಣ ತುದಿಯಿಂದ. ಎರಡೂ ಒಂದೇ ದೇಶದಿಂದ ಬಂದರೂ ಬೇರೆ ಬೇರೆ ದಾರಿಯಲ್ಲಿ ಬಂದವು.

ಆಲ್ಫಾ ಈ ವಲಸೆಯನ್ನು ಬೇರೆ ರೀತಿ ಎದುರಿಸಿತು. ಜನ ಉತ್ತರಕ್ಕೆ ಬರುವ ಬದಲು ಕಾರ್ಖಾನೆಯೇ ದಕ್ಷಿಣಕ್ಕೆ ಹೋಗಲಿ ಎಂದು ಸರ್ಕಾರ ನಿರ್ಧರಿಸಿತು. ನೇಪಲ್ಸ್ ಹತ್ತಿರದ ಪೊಮಿಲಿಯಾನೊ ದಾರ್ಕೊದಲ್ಲಿ 1968ರಲ್ಲಿ ಅಡಿಗಲ್ಲು ಬಿತ್ತು. 1971ರಲ್ಲಿ ತೋರಿಸಿದ ಕಾರಿನ ಹೆಸರೇ ಆಲ್ಫಾಸೂದ್, ಎಂದರೆ 'ದಕ್ಷಿಣದ ಆಲ್ಫಾ'. ಮುಂದಿನ ಗಾಲಿಗಳ ಎಳೆತ, ಇಳಿಜಾರು ಬೆನ್ನು, ಒಳಗೆ ಧಾರಾಳ ಜಾಗ. ಅದನ್ನು ಬಿಡಿಸಿದವರೂ ಜೂಜಾರೊ. ನೋಡಲು ಹ್ಯಾಚ್‌ಬ್ಯಾಕ್, ಆದರೆ ಹಿಂದಿನ ಗಾಜು ಮೇಲೇಳುತ್ತಿರಲಿಲ್ಲ, ಕೆಳಗೆ ಸಣ್ಣ ಡಿಕ್ಕಿ ಬಾಗಿಲು ಮಾತ್ರ. ಮೇಲೇಳುವ ಐದನೇ ಬಾಗಿಲು ಅದಕ್ಕೆ ಬರಲು 1980ರ ದಶಕ ಬರಬೇಕಾಯಿತು. ಅಷ್ಟರಲ್ಲಿ ಗಾಲ್ಫ್ ಯುರೋಪನ್ನೇ ಗೆದ್ದಾಗಿತ್ತು.

ಕಾರಿಲ್ಲದ ಭಾನುವಾರಗಳು

1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ, ಅದರ ಬೆನ್ನಿಗೆ ಅರಬ್ ದೇಶಗಳ ತೈಲ ನಿರ್ಬಂಧ. ನವೆಂಬರ್ 25ರ ಭಾನುವಾರ ಪಶ್ಚಿಮ ಜರ್ಮನಿಯಲ್ಲಿ ಖಾಸಗಿ ಕಾರುಗಳ ಓಡಾಟವೇ ನಿಷೇಧ. ಒಟ್ಟು ನಾಲ್ಕು ಭಾನುವಾರ ಹೀಗೆ ನಡೆಯಿತು. ಡಿಸೆಂಬರ್ 2ರಿಂದ ಇಟಲಿಯಲ್ಲೂ ಭಾನುವಾರಗಳಂದು ಕಾರು ಹೊರತೆಗೆಯುವಂತಿರಲಿಲ್ಲ. ಸೂರ್ಯನ ಹೆದ್ದಾರಿ ಪೂರ್ತಿಯಾಗಿ ಹತ್ತು ವರ್ಷವೂ ಆಗಿರಲಿಲ್ಲ, ಕೂಪೆಯ ದಿನವಾಗಿದ್ದ ಭಾನುವಾರವೇ ಕಾರಿಗೆ ರಜೆಯಾಯಿತು.

1974ರ ಮಾರ್ಚ್ 29ರಂದು ಗಾಲ್ಫಿನ ತಯಾರಿಕೆ ಶುರುವಾಯಿತು. ಅದೇ ವರ್ಷ ಫೋಕ್ಸ್‌ವ್ಯಾಗನ್ 80 ಕೋಟಿ ಮಾರ್ಕಿಗೂ ಹೆಚ್ಚು ನಷ್ಟ ತೋರಿಸಿತು. ಮರುವರ್ಷ ಹೊಸ ಮುಖ್ಯಸ್ಥರು ಸಾವಿರಾರು ಜನರನ್ನು ಕಡಿಮೆ ಮಾಡುವ ಯೋಜನೆ ತಂದರು. ಗಂಟು ಹಣ ಪಡೆದು ಊರಿಗೆ ಮರಳಿದವರಲ್ಲಿ ಆ 'ಅತಿಥಿ'ಗಳು ಬಹಳ. ಕಾರು ಮಾತ್ರ ನಿಂತಿತು. 1976ರ ಅಕ್ಟೋಬರಿಗೆ ಹತ್ತು ಲಕ್ಷದ ಗಾಲ್ಫ್ ಹೊರಬಂತು. ಉಳಿದವರ ಕೆಲಸ ಉಳಿಸಿದ್ದು ಈ ಗಿಡ್ಡ ಪೆಟ್ಟಿಗೆ. ಅದು ಸೋತಿದ್ದರೆ ಕಾರಿಗಾಗಿ ಕಟ್ಟಿದ ಊರಿನ ಗತಿ ಏನಾಗುತ್ತಿತ್ತೋ.

ಕೂಪೆಯ ಕೊನೆಯ ಆಸರೆ

ಕೂಪೆಯ ಬಳಿ ಇನ್ನೂ ಒಂದು ಉಳಿದಿತ್ತು: ವೇಗ. ಗಾಲ್ಫ್ ತಯಾರಿಕೆ ಶುರುವಾಗುವ ಹೊತ್ತಿಗೇ ಫೋಕ್ಸ್‌ವ್ಯಾಗನ್ನಿನ ಪರೀಕ್ಷಾ ವಿಭಾಗದ ಆಲ್ಫೋನ್ಸ್ ಲೋವೆನ್‌ಬರ್ಗ್ ಎಂಬ ಎಂಜಿನಿಯರ್, ನಾವೂ ಒಂದು ಚುರುಕಿನ ಕಾರು ಮಾಡಬಾರದೇಕೆ ಎಂದು ಸಹೋದ್ಯೋಗಿಗಳಿಗೆ ಚೀಟಿ ಬರೆದರು. ಕಂಪನಿಯ ಅಪ್ಪಣೆ ಇಲ್ಲದೆಯೇ ಕೆಲವರು ಗುಂಪುಗೂಡಿದರು. ಮೊದಲ ಪ್ರಯೋಗ ನಡೆದದ್ದು ಸಿರೋಕ್ಕೊ ಕಾರಿನ ಮೇಲೆ. ಅದು ಗಾಲ್ಫಿನದೇ ತಳದ ಮೇಲೆ ಜೂಜಾರೊ ಬಿಡಿಸಿದ ಕೂಪೆ, ಗಾಲ್ಫಿಗಿಂತ ಕೆಲವು ತಿಂಗಳು ಮೊದಲೇ ಬಂದಿತ್ತು. ಕೂಪೆಯ ಮೇಲೆ ಕಲಿತ ವಿದ್ಯೆಯನ್ನು ಹ್ಯಾಚ್‌ಬ್ಯಾಕಿಗೆ ಧಾರೆ ಎರೆದರು.

1975ರ ಫ್ರಾಂಕ್‌ಫರ್ಟ್ ಮೇಳದಲ್ಲಿ ತೋರಿಸಿ 1976ರ ಬೇಸಗೆಯಲ್ಲಿ ಮಾರಾಟಕ್ಕೆ ಬಿಟ್ಟ ಆ ಕಾರೇ ಗಾಲ್ಫ್ ಜಿಟಿಐ. 1,588 ಸಿ.ಸಿ., ಕಾರ್ಬ್ಯುರೇಟರಿನ ಬದಲು ಇಂಧನ ಚಿಮ್ಮಿಸುವ ಇಂಜೆಕ್ಷನ್, 110 ಅಶ್ವಶಕ್ತಿ, ತೂಕ 810 ಕೆ.ಜಿ., ವೇಗ ಗಂಟೆಗೆ 182 ಕಿ.ಮೀ. ಈಗ ಹಿಂದಿನ ಪುಟಕ್ಕೆ ಹೋಗಿ ಜೂಲಿಯಾ ಕೂಪೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿ: 1,570 ಸಿ.ಸಿ., 106 ಅಶ್ವಶಕ್ತಿ, ಗಂಟೆಗೆ 180ರ ಆಚೆ, ತೂಕ ಸುಮಾರು 950 ಕೆ.ಜಿ. ಅಂಕಿಗಳು ಅಣ್ಣತಮ್ಮಂದಿರಂತಿವೆ. ಹದಿಮೂರು ವರ್ಷದ ಹಿಂದೆ ಮಿಲಾನಿನಲ್ಲಿ ಇಬ್ಬರಿಗೆಂದು ಮಾಡಿದ ಸುಖವನ್ನು ಈಗ ಹಿಂದಿನ ಸೀಟಿನ ಮಕ್ಕಳೂ ಸಂತೆಯ ಚೀಲವೂ ಹಂಚಿಕೊಳ್ಳಬಹುದಾಗಿತ್ತು. ಆಲ್ಫಾಕ್ಕೆ ಐದು ಗೇರು, ನಾಲ್ಕು ಡಿಸ್ಕ್ ಬ್ರೇಕು ಇದ್ದರೆ ಮೊದಲ ಜಿಟಿಐಗೆ ನಾಲ್ಕೇ ಗೇರು, ಹಿಂದೆ ಡ್ರಮ್ ಬ್ರೇಕು ಎಂಬುದನ್ನೂ ಹೇಳಬೇಕು. ಯಂತ್ರದ ನಾಜೂಕಿನಲ್ಲಿ ಹಳೆಯದೇ ಮೇಲು.

ಜಿಟಿಐನ ಒಳಗಿನ ಎರಡು ಗುರುತುಗಳು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಾರ್ತಿಯವು: ಚೌಕುಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನಂಥ ಗೇರ್ ಹಿಡಿ. ಗಂಡಸರೇ ತುಂಬಿದ್ದ ಆ ವಿಭಾಗದಲ್ಲಿ ತಮಾಷೆಯಂತೆ ಕಂಡ ಈ ಎರಡು ಇಂದಿಗೂ ಆ ಕಾರಿನ ಲಾಂಛನ. 5,000 ಕಾರು ಮಾರಿದರೆ ಸಾಕು ಎಂದು ಶುರುಮಾಡಿದ್ದು, ಮೊದಲ ತಲೆಮಾರಿನ ಜಿಟಿಐಗಳೇ ನಾಲ್ಕೂವರೆ ಲಕ್ಷ ದಾಟಿದವು. ಜೂಲಿಯಾ ಕೂಪೆಯ ತಯಾರಿಕೆ ಹೆಚ್ಚುಕಡಿಮೆ ಇದೇ ಹೊತ್ತಿಗೆ ನಿಂತಿತು. ಒಂದನ್ನು ಇನ್ನೊಂದು ಕೊಂದಿತು ಎನ್ನಲಾಗದು. ಆದರೆ ಆಮೇಲೆ ಯುರೋಪಿನಲ್ಲಿ ಮಧ್ಯಮ ದರದ ಕೂಪೆ ಕೊಳ್ಳುವವನು, ನಿನಗೆ ಇದೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಮೊದಲು ಅವನನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ.

1974ರ ಟುರಿನ್ ಮೇಳದಲ್ಲಿ ಇದೇ ಕಥೆಯ ಪುಟ್ಟ ಪ್ರತಿ ನಡೆಯಿತು. ಕೊರಿಯಾದ ಹ್ಯೂಂಡೈ ತನ್ನ ಮೊದಲ ಸ್ವಂತ ಕಾರಿಗಾಗಿ ಜೂಜಾರೊ ಬಳಿ ಬಂದಿತ್ತು. ಮೇಳದಲ್ಲಿ ಎರಡು ಕಾರು ನಿಂತವು: ಪೋನಿ ಎಂಬ ಸಂಸಾರದ ಕಾರು, ಪೋನಿ ಕೂಪೆ ಎಂಬ ಚೂಪು ಮೂತಿಯ ಚೆಲುವೆ. ತಯಾರಾದದ್ದು ಮೊದಲನೆಯದು. ಕೂಪೆ ಮೇಳದಿಂದಾಚೆಗೆ ಹೋಗಲೇ ಇಲ್ಲ. 2023ರಲ್ಲಿ ಕಂಪನಿ ಅದೇ ಜೂಜಾರೊ ಅವರನ್ನು ಕರೆಸಿ ಕಳೆದುಹೋದ ಆ ಕೂಪೆಯನ್ನು ಮತ್ತೆ ಮಾಡಿಸಿತು, ಓಡಿಸಲಿಕ್ಕಲ್ಲ, ತೋರಿಸಲಿಕ್ಕೆ.

ನಮ್ಮ ಊರುಗಳಿಗೆ ಬಂದದ್ದು

ಭಾರತಕ್ಕೆ ಕೂಪೆಯ ಯುಗ ಬರಲೇ ಇಲ್ಲ. ಅಂಬಾಸಡರ್, ಪದ್ಮಿನಿಗಳ ಕಾಲದಿಂದ ನಾವು ನೇರ ಹ್ಯಾಚ್‌ಬ್ಯಾಕಿಗೆ ನೆಗೆದೆವು. 1983ರ ಡಿಸೆಂಬರಿನಲ್ಲಿ ದಿಲ್ಲಿಯ ಮಗ್ಗುಲಿನ ಗುಡಗಾಂವ್‌ನಿಂದ ಮಾರುತಿ 800 ಹೊರಟಿತು. 1998ರಲ್ಲಂತೂ ಒಂದೇ ವರ್ಷದಲ್ಲಿ ಮೂರು: ಚೆನ್ನೈ ಬಳಿಯ ಶ್ರೀಪೆರುಂಬುದೂರಿನ ಕಡೆಯಿಂದ ಹ್ಯೂಂಡೈ ಸ್ಯಾಂಟ್ರೊ, ದಿಲ್ಲಿ ಪಕ್ಕದ ಸೂರಜ್‌ಪುರದಿಂದ ಡೇವೂ ಮಟೀಜ್, ಪುಣೆಯಿಂದ ಟಾಟಾ ಇಂಡಿಕಾ. ಮಟೀಜ್ ಬಿಡಿಸಿದವರು ಜೂಜಾರೊ, ಫಿಯಾಟಿಗೆಂದು ಮಾಡಿ ಒಪ್ಪಿಗೆಯಾಗದ ಒಂದು ಮಾದರಿಯಿಂದ ಬೆಳೆದದ್ದು. ಇಂಡಿಕಾ ರೂಪ ತಳೆದದ್ದು ಟುರಿನ್ನಿನ ಇನ್ನೊಂದು ವಿನ್ಯಾಸ ಸಂಸ್ಥೆಯ ನೆರವಿನಿಂದ. ಅದಕ್ಕೂ ಮೊದಲು ಮುಂಬಯಿ ಕಂಡ ಫಿಯಾಟ್ ಊನೊ, ಆಮೇಲೆ ಪುಣೆ ಬಳಿಯ ರಂಜನಗಾಂವ್‌ನಿಂದ ಬಂದ ಗ್ರಾಂಡೆ ಪುಂಟೊ, ಇವೂ ಜೂಜಾರೊ ಕೈ ತಾಗಿದವೇ. ಮಿಲಾನಿನ ಕೂಪೆಯನ್ನು ಕಾಣದ ನಾವು ಆ ಕೈಬರಹವನ್ನು ಟ್ರಾಫಿಕ್ ಸಿಗ್ನಲ್ಲಿನಲ್ಲಿ ದಿನವೂ ಓದಿದ್ದೇವೆ, ಬರೆದವರಾರೆಂದು ತಿಳಿಯದೆ.

ಇಟಲಿಯಲ್ಲಿ ತೆರಿಗೆ ಎಂಜಿನ್ನಿನ ಗಾತ್ರವನ್ನು ನಿರ್ಧರಿಸಿದರೆ, ನಮ್ಮಲ್ಲಿ 2006ರ ಬಜೆಟ್ ಉದ್ದವನ್ನೂ ಸೇರಿಸಿತು. ನಾಲ್ಕು ಮೀಟರಿನೊಳಗೆ, ಪೆಟ್ರೋಲಾದರೆ 1,200 ಸಿ.ಸಿ.ಯೊಳಗೆ ಇದ್ದರೆ ತೆರಿಗೆ ಕಡಿಮೆ. ಆ ಗೆರೆಯ ಪ್ರಕಾರ 4,080 ಮಿ.ಮೀ.ಯ ಜೂಲಿಯಾ ಎಂಟು ಸೆಂಟಿಮೀಟರಿನಿಂದ ಹೊರಗೆ. ಗಾಲ್ಫಿನ 1,100 ಸಿ.ಸಿ.ಯ ಮೊದಲ ಮಾದರಿ ಆರಾಮಾಗಿ ಒಳಗೆ. ನಮ್ಮ ಕಂಪನಿಗಳು ಸೆಡಾನಿನ ಬಾಲ ಕತ್ತರಿಸಿ ನಾಲ್ಕು ಮೀಟರಿಗೆ ತುರುಕಿದ ವಿಚಿತ್ರ ಕಾರುಗಳು ಹುಟ್ಟಿದ್ದು ಈ ಗೆರೆಯಿಂದಲೇ. ಅವೂ ಒಂದು ಬಗೆಯ 'ಕತ್ತರಿಸಿದ' ಗಾಡಿಗಳು, ಕೂಪೆ ಎಂದು ಯಾರೂ ಕರೆಯಲಿಲ್ಲ ಅಷ್ಟೇ.

ಉಳಿದದ್ದು, ಸವೆದದ್ದು

ಇಂದು ಒಳ್ಳೆಯ ಸ್ಥಿತಿಯ ಜೂಲಿಯಾ ಕೂಪೆಗೆ ಹೊಸ ಕಾರಿಗಿಂತ ಹೆಚ್ಚು ಬೆಲೆ. ಹೊದಿಕೆ ಹೊದೆಸಿ ಗ್ಯಾರೇಜಿನಲ್ಲಿಟ್ಟು, ಮಳೆಗೆ ತೆಗೆಯದೆ, ತುಕ್ಕು ಬಂದ ತಗಡನ್ನು ಕೈಯಿಂದ ಬಡಿದು ಸರಿಪಡಿಸಿ ಜೋಪಾನ ಮಾಡಿದವರಿದ್ದಾರೆ. ಮೊದಲ ತಲೆಮಾರಿನ ಗಾಲ್ಫ್ ಅರವತ್ತು ಲಕ್ಷಕ್ಕೂ ಹೆಚ್ಚು ತಯಾರಾಯಿತು. ದಕ್ಷಿಣ ಆಫ್ರಿಕಾದಲ್ಲಿ ಅದೇ ಮೈಕಟ್ಟು 2009ರವರೆಗೂ ಹೊಸದಾಗಿ ಸಿಗುತ್ತಿತ್ತು. ಎಲ್ಲ ತಲೆಮಾರು ಸೇರಿ ಗಾಲ್ಫುಗಳ ಸಂಖ್ಯೆ 3.7 ಕೋಟಿ ಮುಟ್ಟಿದೆ. ಆದರೆ ಆ ಮೊದಲಿನವುಗಳಲ್ಲಿ ಬಹುಪಾಲು ತುಕ್ಕು ತಿಂದು, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಗುಜರಿಗೆ ಹೋದವು. ಯಾರೂ ಅವನ್ನು ಹೊದಿಕೆ ಹೊದೆಸಿ ಇಡಲಿಲ್ಲ. ದಿನಾ ಬಳಸಿದರು.

ವಸ್ತುಗಳ ಇತಿಹಾಸದಲ್ಲಿ ಈ ಮೋಸ ಎಲ್ಲ ಕಡೆಯೂ ಇದೆ. ಮದುವೆಯ ಸೀರೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ನಿತ್ಯ ಉಟ್ಟದ್ದು ಸವೆದು ಮಸಿಬಟ್ಟೆಯಾಗುತ್ತದೆ. ಮುಂದಿನವರು ಪೆಟ್ಟಿಗೆ ತೆರೆದು ನೋಡಿ, ಆಗಿನವರು ಹೀಗೆ ಉಡುತ್ತಿದ್ದರು ಎಂದುಕೊಳ್ಳುತ್ತಾರೆ. ಕಾರಿನ ಸಂಗ್ರಹಾಲಯಗಳಲ್ಲಿ ಕೂಪೆಗಳು ಹೆಚ್ಚಿರುವುದರಿಂದ ಆ ಶತಮಾನ ಕೂಪೆಗಳದಾಗಿತ್ತು ಎಂದು ತೋರುತ್ತದೆ. ನಿಜಕ್ಕೂ ಆ ಕಾಲದ ಜನರನ್ನು ಕೆಲಸಕ್ಕೆ, ಆಸ್ಪತ್ರೆಗೆ, ಶಾಲೆಗೆ, ಹುಟ್ಟೂರಿಗೆ ಒಯ್ದದ್ದು ಸವೆದುಹೋದವುಗಳೇ.

1999ರಲ್ಲಿ ಜೂಜಾರೊ ಅವರನ್ನು ಶತಮಾನದ ಕಾರು ವಿನ್ಯಾಸಕಾರ ಎಂದು ಆರಿಸಿದರು. ಆ ಗೌರವ ಮಾಸೆರಾಟಿ, ಲೋಟಸ್, ಡೆಲೋರಿಯನ್ ಕೂಪೆಗಳಿಗಾಗಿ ಬಂತು ಎಂದುಕೊಂಡರೆ ಅರ್ಧ ಮಾತ್ರ ಸರಿ. ಚೆಲುವಾದ ಕೂಪೆ ಬಿಡಿಸಿದವರು ಆ ಕಾಲದ ಇಟಲಿಯಲ್ಲಿ ಹಲವರಿದ್ದರು. ಅದೇ ಕಣ್ಣು, ಅದೇ ಪ್ರಮಾಣದ ಹಟವನ್ನು ಮೂರೂಮುಕ್ಕಾಲು ಮೀಟರಿನ ಅಗ್ಗದ ಪೆಟ್ಟಿಗೆಗೂ ಕೊಟ್ಟವರು ವಿರಳ.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಭಾನುವಾರದ ಬೆಳಗ್ಗೆ ಖಾಲಿ ಘಟ್ಟದ ರಸ್ತೆ ಸಿಕ್ಕರೆ ಜೂಲಿಯಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಬ್ಬ ಮುಗಿಸಿ ಊರಿಂದ ಪುಣೆಗೋ ಹೈದರಾಬಾದಿಗೋ ಹೊರಡುವಾಗ ಹಿಂದಿನ ಸೀಟು ಮಡಚಿ, ಅಕ್ಕಿ ಮೂಟೆ, ಹತ್ತು ತೆಂಗಿನಕಾಯಿ, ಅಮ್ಮ ಬಟ್ಟೆ ಸುತ್ತಿ ಕೊಟ್ಟ ಉಪ್ಪಿನಕಾಯಿ ಭರಣಿ ಇಟ್ಟು, ಬಾಗಿಲು ಒತ್ತಿ ಮುಚ್ಚಿದವರಿಗೆ ಆ ಐದನೇ ಬಾಗಿಲಿನ ಬೆಲೆ ಗೊತ್ತು. ಅದನ್ನು ಮೊದಲು ಕಂಡುಹಿಡಿದವರು ಜೂಜಾರೊ ಅಲ್ಲ. ಆ ಬಾಗಿಲಿರುವ ಕಾರಿಗೂ ಚೆಲುವಿನ ಹಕ್ಕಿದೆ ಎಂದು ಗೆರೆ ಎಳೆದು ತೋರಿಸಿದವರು ಅವರು.